ನೇರ ಟಿಎಲ್‌ಎಸ್ ಬೇಕೋ, ಸ್ಟಾರ್ಟ್‌ಟಿಎಲ್‌ಎಸ್ ಸಾಕೋ: ಕ್ಲೈಂಟ್ ಪ್ರೋಗ್ರಾಂ ಬರೆಯುವವರಿಗೊಂದು ಹೋಲಿಕೆ

ಕ್ಲೈಂಟ್ ಪ್ರೋಗ್ರಾಂನಿಂದ ಸರ್ವರ್‌ಗೆ ಎನ್‌ಕ್ರಿಪ್ಟ್ ಆದ, ಅಂದರೆ ಟಿಎಲ್‌ಎಸ್ ಎಂಬ ಪ್ರೋಟೊಕಾಲ್‌ನಿಂದ ಗುಪ್ತವಾದ, ಸಂಪರ್ಕ ಶುರು ಮಾಡಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ನೇರ ಟಿಎಲ್‌ಎಸ್. ಟಿಸಿಪಿ ಸಂಪರ್ಕ ಸಿಕ್ಕ ಕೂಡಲೇ ಹ್ಯಾಂಡ್‌ಶೇಕ್, ಅಂದರೆ ಕೀಲಿಗಳನ್ನು ಗೊತ್ತುಮಾಡಿಕೊಂಡು ಸರ್ವರ್‌ನ ಗುರುತುಪತ್ರವಾದ ಸರ್ಟಿಫಿಕೇಟ್ ನೋಡುವ ಮಾತುಕತೆ. ಅದು ಮುಗಿಯುವ ತನಕ ಪ್ರೋಟೊಕಾಲ್‌ನ ಒಂದಕ್ಷರವೂ ತಂತಿಯ ಮೇಲೆ ಹೋಗುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಪೋರ್ಟ್ ಇರುತ್ತದೆ: ಎಚ್‌ಟಿಟಿಪಿಎಸ್‌ಗೆ 443, ಮೇಲ್ ಕಳುಹಿಸಲು 465, ಮೇಲ್ ಓದುವ ಐಮ್ಯಾಪ್‌ಗೆ 993, ಪಾಪ್‌ಗೆ 995, ಡೈರೆಕ್ಟರಿ ಸರ್ವರ್‌ಗಳ ಎಲ್‌ಡ್ಯಾಪ್‌ಗೆ 636, ಚಿಕ್ಕ ಸಾಧನಗಳ ಎಂಕ್ಯೂಟಿಟಿಗೆ 8883.

ಎರಡನೆಯದು ಸ್ಟಾರ್ಟ್‌ಟಿಎಲ್‌ಎಸ್. 587, 143, 110, 389ರಂಥ ಸಾದಾ ಪೋರ್ಟಿಗೆ ಹೋಗಿ, ಬಯಲಲ್ಲೇ (ಎನ್‌ಕ್ರಿಪ್ಟ್ ಮಾಡದೆ) ಒಂದೆರಡು ಮಾತಾಡಿ, ‘ಇನ್ನು ಟಿಎಲ್‌ಎಸ್‌ಗೆ ಹೋಗೋಣವೇ’ ಎಂದು ಕೇಳಬೇಕು. ಸರ್ವರ್ ಹೂಂ ಅಂದಮೇಲೆ ಅದೇ ಸಾಕೆಟ್‌ನಲ್ಲಿ ಹ್ಯಾಂಡ್‌ಶೇಕ್ ನಡೆಯುತ್ತದೆ.

ಸರ್ವರ್ ಎರಡನ್ನೂ ಕೊಡುತ್ತಿದ್ದರೆ ನೇರ ಟಿಎಲ್‌ಎಸ್ ಆರಿಸಿ. ಮೇಲ್ ಕ್ಲೈಂಟ್‌ಗಳ ವಿಷಯದಲ್ಲಿ 2018ರ ಜನವರಿಯಲ್ಲಿ ಬಂದ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 8314 ಹೇಳುವುದೂ ಇದನ್ನೇ. ಸ್ಟಾರ್ಟ್‌ಟಿಎಲ್‌ಎಸ್ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ಅದನ್ನು ‘ಕಡ್ಡಾಯ’ ಸ್ಥಿತಿಯಲ್ಲಿ ಮಾತ್ರ ಬಳಸಿ. ಟಿಎಲ್‌ಎಸ್ ಸಿಗದಿದ್ದಾಗ ಸುಮ್ಮನೆ ಬಯಲಲ್ಲೇ ಮುಂದುವರಿಯುವ ಕ್ಲೈಂಟ್‌ಗೆ ಸುರಕ್ಷಿತ ಅನ್ನುವ ಹೆಸರು ಸಲ್ಲದು. ಅದು ಒಳಗೆ ಯಾವ ಲೈಬ್ರರಿ ಬಳಸಿದರೂ ಅಷ್ಟೇ.

ಸ್ಟಾರ್ಟ್‌ಟಿಎಲ್‌ಎಸ್ ಎಲ್ಲಿ ಸೋರುತ್ತದೆ

ಮೊದಲ ತೂತು ಎಲ್ಲರಿಗೂ ಗೊತ್ತಿರುವಂಥದ್ದು. ಮೇಲ್ ಕಳುಹಿಸುವ ಪ್ರೋಟೊಕಾಲ್ ಆದ ಎಸ್‌ಎಂಟಿಪಿಯಲ್ಲಿ ಕ್ಲೈಂಟ್ ಇಹೆಲೋ ಎಂಬ ಪರಿಚಯದ ಆದೇಶ ಕಳುಹಿಸಿದಾಗ ಸರ್ವರ್ ತನ್ನ ಸೌಲಭ್ಯಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿ ಬಯಲಲ್ಲಿ ಬರುತ್ತದೆ. ನಡುವೆ ಕೂತವರು ಅದರಿಂದ ಸ್ಟಾರ್ಟ್‌ಟಿಎಲ್‌ಎಸ್ ಸಾಲನ್ನು ಕಿತ್ತುಹಾಕಿದರೆ, ‘ಇದ್ದರೆ ಬಳಸುತ್ತೇನೆ’ ಎನ್ನುವ ಕ್ಲೈಂಟ್ ಪಾಸ್‌ವರ್ಡನ್ನೂ ಬಯಲಲ್ಲೇ ಕಳುಹಿಸಿಬಿಡುತ್ತದೆ. ಎರರ್ ಬರುವುದಿಲ್ಲ, ಲಾಗ್‌ನಲ್ಲಿ ಗುರುತೂ ಉಳಿಯುವುದಿಲ್ಲ. ದುರುದ್ದೇಶವೇ ಇರಬೇಕೆಂದಿಲ್ಲ, ಎಸ್‌ಎಂಟಿಪಿಯನ್ನು ‘ಪರಿಶೀಲಿಸುವ’ ಫೈರ್‌ವಾಲ್‌ಗಳು ಕೂಡ ಈ ಸಾಲನ್ನು ಅಳಿಸಿದ ಉದಾಹರಣೆಗಳಿವೆ.

ಎರಡನೆಯ ತೂತು ಬಫರ್‌ನಲ್ಲಿದೆ, ಮತ್ತು ಸ್ವಂತ ಕ್ಲೈಂಟ್ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಸಾಕೆಟ್‌ನಿಂದ ಸಾಲುಗಳನ್ನು ಓದುವ ಕೋಡ್ ಸಾಮಾನ್ಯವಾಗಿ ಒಮ್ಮೆಗೆ ಕೆಲವು ಸಾವಿರ ಬೈಟ್ ಎಳೆದುಕೊಂಡು, ಅದರಿಂದ ಒಂದೊಂದೇ ಸಾಲು ಕೊಡುತ್ತದೆ. ಸರ್ವರ್‌ನ ‘220 ಸಿದ್ಧ’ ಎಂಬ ಸಾಲಿನ ಹಿಂದೆಯೇ ನಡುವಿನವರು ಇನ್ನೆರಡು ಸಾಲು ತುರುಕಿದರು ಎನ್ನಿ. ಅವೂ ಅದೇ ಬಫರ್‌ಗೆ ಬರುತ್ತವೆ. ಹ್ಯಾಂಡ್‌ಶೇಕ್ ಮುಗಿದ ಮೇಲೆ ಕ್ಲೈಂಟ್ ಮುಂದಿನ ಸಾಲು ಕೇಳಿದಾಗ, ಬಯಲಲ್ಲಿ ಬಂದ ಆ ಸಾಲುಗಳೇ ‘ಎನ್‌ಕ್ರಿಪ್ಟ್ ಆಗಿ ಬಂದ ಉತ್ತರ’ದ ವೇಷದಲ್ಲಿ ಸಿಗುತ್ತವೆ. 2011ರಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಪ್ರೋಗ್ರಾಂನ ಸರ್ವರ್ ಬದಿಯಲ್ಲಿ ಈ ದೋಷ ಬಯಲಾಯಿತು. 2021ರಲ್ಲಿ ಮೇಲ್ ಕ್ಲೈಂಟ್ ಮತ್ತು ಸರ್ವರ್‌ಗಳನ್ನು ಸಾಲಾಗಿ ಪರೀಕ್ಷಿಸಿದ ಸಂಶೋಧಕರಿಗೆ ಸ್ಟಾರ್ಟ್‌ಟಿಎಲ್‌ಎಸ್‌ಗೆ ಸಂಬಂಧಿಸಿದ ನಲವತ್ತಕ್ಕೂ ಹೆಚ್ಚು ದೋಷಗಳು ಸಿಕ್ಕವು. ಅದೇ ವರ್ಷ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸರ್ವರ್ ಮತ್ತು ಕ್ಲೈಂಟ್ ಲೈಬ್ರರಿ ಎರಡರಲ್ಲೂ ಇದೇ ಬಗೆಯ ತೂತನ್ನು ಮುಚ್ಚಲಾಯಿತು. ನುರಿತವರ ಕೋಡ್‌ನಲ್ಲೇ ಹತ್ತು ವರ್ಷಗಳ ನಂತರವೂ ಸಿಕ್ಕ ತಪ್ಪು ಇದು.

ಮೂರನೆಯದು ಐಮ್ಯಾಪ್‌ಗೆ ವಿಶಿಷ್ಟ. ಸ್ಟಾರ್ಟ್‌ಟಿಎಲ್‌ಎಸ್ ಆದೇಶವನ್ನು ಲಾಗಿನ್ ಆಗುವ ಮೊದಲು ಮಾತ್ರ ಕೊಡಬಹುದು. ಸರ್ವರ್‌ನ ಮೊದಲ ಸಾಲೇ ‘ಪ್ರಿಆಥ್’ ಎಂದು ಬಂದರೆ ಕ್ಲೈಂಟ್ ಆಗಲೇ ಲಾಗಿನ್ ಆದಂತೆ ಲೆಕ್ಕ, ಟಿಎಲ್‌ಎಸ್ ಕೇಳುವ ಅವಕಾಶವೇ ಉಳಿಯುವುದಿಲ್ಲ. ಆ ಸಾಲನ್ನು ನಡುವಿನವರೂ ಕಳುಹಿಸಬಹುದು. ಕಡ್ಡಾಯ ಸ್ಥಿತಿಯ ಕ್ಲೈಂಟ್ ಇಂಥ ಸ್ವಾಗತ ಕಂಡರೆ ಸಂಪರ್ಕ ಮುರಿಯಬೇಕು, ಬೇರೆ ದಾರಿಯಿಲ್ಲ.

ಇವುಗಳ ಮುಂದೆ ವೇಗದ ಮಾತು ಚಿಕ್ಕದು. ಎಸ್‌ಎಂಟಿಪಿಯಲ್ಲಿ ಮೊದಲ ಇಹೆಲೋಗೆ ಒಂದು, ಸ್ಟಾರ್ಟ್‌ಟಿಎಲ್‌ಎಸ್ ಆದೇಶಕ್ಕೆ ಒಂದು ಎಂದು ಎರಡು ಸುತ್ತು (ಸರ್ವರ್‌ಗೆ ಹೋಗಿ ಬರುವ ಪಯಣ) ಹೆಚ್ಚು ಖರ್ಚಾಗುತ್ತದೆ. ಒಂದು ಸುತ್ತಿಗೆ 150 ಮಿಲಿಸೆಕೆಂಡ್ ಹಿಡಿಯುವ ದೂರದ ಸರ್ವರ್ ಆದರೆ 300 ಮಿಲಿಸೆಕೆಂಡ್. ದಿನಕ್ಕೆ ನಾಲ್ಕು ಮೇಲ್ ಕಳುಹಿಸುವ ಪ್ರೋಗ್ರಾಂಗೆ ಇದು ಲೆಕ್ಕಕ್ಕಿಲ್ಲ. ಪ್ರತಿ ವಿನಂತಿಗೂ ಹೊಸ ಸಂಪರ್ಕ ತೆರೆಯುವ ಪ್ರೋಗ್ರಾಂಗೆ ಲೆಕ್ಕಕ್ಕಿದೆ.

ಹಾಗಾದರೆ ಸ್ಟಾರ್ಟ್‌ಟಿಎಲ್‌ಎಸ್ ಯಾರಿಗೆ? ಸರ್ವರ್ 587 ಮಾತ್ರ ತೆರೆದಿಟ್ಟಿದ್ದರೆ ಚರ್ಚೆಗೆ ಅವಕಾಶವಿಲ್ಲ. ಹಳೆಯ ಡೈರೆಕ್ಟರಿ ಸರ್ವರ್‌ಗಳದ್ದೂ ಅದೇ ಪಾಡು. ಒಂದು ಮೇಲ್ ಸರ್ವರ್ ಇನ್ನೊಂದಕ್ಕೆ ಮೇಲ್ ದಾಟಿಸುವ 25ನೇ ಪೋರ್ಟ್‌ನಲ್ಲಂತೂ ಸ್ಟಾರ್ಟ್‌ಟಿಎಲ್‌ಎಸ್ ಒಂದೇ ಇರುವುದು. ಅಲ್ಲಿ ‘ಕಡ್ಡಾಯ’ ಎಂದು ಹಟ ಹಿಡಿದರೆ ಎಷ್ಟೋ ಮೇಲ್ ತಲುಪುವುದೇ ಇಲ್ಲ. ಆ ಕೊರತೆ ತುಂಬಲೆಂದೇ, ‘ಈ ಸರ್ವರ್‌ಗೆ ಟಿಎಲ್‌ಎಸ್ ಕಡ್ಡಾಯ’ ಎಂದು ಮೊದಲೇ ಸಾರುವ ಎಂಟಿಎ-ಎಸ್‌ಟಿಎಸ್ ಮತ್ತು ಡೇನ್ ಎಂಬ ವ್ಯವಸ್ಥೆಗಳು ಬಂದಿವೆ. ಆದರೆ ಅದು ಸರ್ವರ್‌ಗಳ ನಡುವಿನ ವ್ಯವಹಾರ. ತನ್ನ ಸರ್ವರ್ ಯಾವುದೆಂದು ಮೊದಲೇ ಗೊತ್ತಿರುವ ಸಾಮಾನ್ಯ ಕ್ಲೈಂಟ್‌ಗೆ ಆ ಸಡಿಲಿಕೆ ಬೇಕಿಲ್ಲ.

ಸ್ವಂತವಾಗಿ ಬರೆಯಲೇಬೇಕಾದರೆ ಎಸ್‌ಎಂಟಿಪಿ ಹೆಜ್ಜೆಗಳು ಈ ಕ್ರಮದಲ್ಲಿರಲಿ:

1. ಸಂಪರ್ಕ ತೆರೆದು 220ರ ಸ್ವಾಗತ ಓದಿ, ಇಹೆಲೋ ಕಳುಹಿಸಿ.
2. ಉತ್ತರದ ಪಟ್ಟಿಯಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಇಲ್ಲವೇ? ಅಲ್ಲಿಗೇ ನಿಲ್ಲಿಸಿ, ಎರರ್ ಕೊಡಿ.
3. ಸ್ಟಾರ್ಟ್‌ಟಿಎಲ್‌ಎಸ್ ಕಳುಹಿಸಿ. ಉತ್ತರ ಬರುವ ತನಕ ಅದರ ಹಿಂದೆ ಬೇರೇನನ್ನೂ ಕಳುಹಿಸಬೇಡಿ. 220 ಬಿಟ್ಟು ಬೇರೆ ಯಾವ ಸಂಖ್ಯೆ ಬಂದರೂ ಮುರಿಯಿರಿ.
4. ಓದುವ ಬಫರ್ ನೋಡಿ. ಆ ಸಾಲಿನ ನಂತರ ಒಂದು ಬೈಟ್ ಉಳಿದಿದ್ದರೂ ಮುರಿಯಿರಿ. ಸರ್ವರ್ ಈಗ ನಿಮ್ಮ ಹ್ಯಾಂಡ್‌ಶೇಕ್‌ಗಾಗಿ ಕಾಯುತ್ತಿರಬೇಕು. ಅದಕ್ಕೆ ಹೇಳಲು ಏನೂ ಇರಬಾರದು.
5. ಹ್ಯಾಂಡ್‌ಶೇಕ್ ಮಾಡಿ, ಸರ್ಟಿಫಿಕೇಟನ್ನೂ ಅದರಲ್ಲಿರುವ ಹೆಸರನ್ನೂ ತಾಳೆ ನೋಡಿ.
6. ಮೊದಲ ಇಹೆಲೋದಿಂದ ತಿಳಿದದ್ದನ್ನೆಲ್ಲ ಮರೆತುಬಿಡಿ. ಮತ್ತೆ ಇಹೆಲೋ ಕಳುಹಿಸಿ, ಹೊಸ ಪಟ್ಟಿಯನ್ನಷ್ಟೇ ನಂಬಿ, ಆಮೇಲೆ ಲಾಗಿನ್ ಆಗಿ.

ಆರನೆಯ ಹೆಜ್ಜೆ ಬಿಟ್ಟರೂ ಪ್ರೋಗ್ರಾಂ ಬಹುಪಾಲು ನಡೆಯುತ್ತದೆ, ಆದ್ದರಿಂದಲೇ ಜನ ಬಿಡುತ್ತಾರೆ. ಆದರೆ ಯಾವ ಬಗೆಯ ಲಾಗಿನ್ ಬಳಸಬೇಕು ಎಂಬ ಮಾಹಿತಿ ಆಗ ಬಯಲಲ್ಲಿ ಬಂದದ್ದಾಗಿರುತ್ತದೆ.

ಪೋರ್ಟ್ ಮತ್ತು ವಿಧಾನ ಅದಲುಬದಲಾದಾಗ

ಎರಡು ಲಕ್ಷಣ ನೆನಪಿಟ್ಟುಕೊಂಡರೆ ಗಂಟೆಗಟ್ಟಲೆ ಉಳಿಯುತ್ತದೆ.

ಸ್ಟಾರ್ಟ್‌ಟಿಎಲ್‌ಎಸ್ ಪೋರ್ಟ್‌ಗೆ ನೇರ ಟಿಎಲ್‌ಎಸ್‌ನಿಂದ ಹೋದರೆ ಓಪನ್‌ಎಸ್‌ಎಸ್‌ಎಲ್ ಎಂಬ ಟಿಎಲ್‌ಎಸ್ ಲೈಬ್ರರಿ ಸಾಮಾನ್ಯವಾಗಿ ‘ರಾಂಗ್ ವರ್ಷನ್ ನಂಬರ್’ ಎನ್ನುತ್ತದೆ. ಇದನ್ನು ಓದಿ ಟಿಎಲ್‌ಎಸ್ ಆವೃತ್ತಿಯನ್ನು ಬದಲಿಸುತ್ತ ಕೂತವರು ಬಹಳ. ಆವೃತ್ತಿಯ ತಪ್ಪೇನೂ ಅಲ್ಲಿಲ್ಲ. ಟಿಎಲ್‌ಎಸ್‌ನ ಪ್ರತಿ ರೆಕಾರ್ಡ್‌ಗೂ ಐದು ಬೈಟ್‌ಗಳ ತಲೆಬರಹ ಇರುತ್ತದೆ: ಮೊದಲನೆಯದು ವಿಧ, ಹ್ಯಾಂಡ್‌ಶೇಕ್ ಆದರೆ 22, ಮುಂದಿನ ಎರಡು ಆವೃತ್ತಿ, ಅವುಗಳಲ್ಲಿ ಮೊದಲನೆಯದು 3, ಕೊನೆಯ ಎರಡು ಉದ್ದ. ಸರ್ವರ್ ಕಳುಹಿಸಿದ್ದು ಬಯಲಿನ ಸ್ವಾಗತ, ‘220’ ಎಂಬ ಅಕ್ಷರಗಳು. ಆಸ್ಕಿಯಲ್ಲಿ ಅವು 50, 50, 48. ಆವೃತ್ತಿಯ ಜಾಗದಲ್ಲಿ 3ರ ಬದಲು 50 ಕಂಡ ಲೈಬ್ರರಿ ಆವೃತ್ತಿ ತಪ್ಪು ಎಂದು ದೂರುತ್ತದೆ. ಪೋರ್ಟ್ ಸರಿಪಡಿಸಿದರೆ ಮುಗಿಯಿತು.

ಇದರ ತದ್ವಿರುದ್ಧ, ನೇರ ಟಿಎಲ್‌ಎಸ್ ಪೋರ್ಟ್‌ಗೆ ಬಯಲು ಮಾತಿನ ಕ್ಲೈಂಟ್ ಹೋದರೆ ಎರರ್ ಕೂಡ ಬರುವುದಿಲ್ಲ, ಎಲ್ಲವೂ ಸ್ತಬ್ಧ. ಕ್ಲೈಂಟ್ 220ಕ್ಕೆ ಕಾಯುತ್ತದೆ, ಸರ್ವರ್ ಹ್ಯಾಂಡ್‌ಶೇಕ್‌ಗೆ ಕಾಯುತ್ತದೆ, ‘ನೀನು ಮೊದಲು, ನೀನು ಮೊದಲು’ ಎಂದು ಇಬ್ಬರೂ ಟೈಮ್‌ಔಟ್ ಆಗುವ ತನಕ ಕೂರುತ್ತಾರೆ. 465ಕ್ಕೆ ಹೋದ ಪ್ರೋಗ್ರಾಂ ಅರ್ಧ ನಿಮಿಷ ನಿಂತು ಸತ್ತರೆ ನೆಟ್‌ವರ್ಕನ್ನು ಶಂಕಿಸುವ ಮೊದಲು ಇದನ್ನು ನೋಡಿ.

‘ಸಿಕ್ಕರೆ’, ‘ಕಡ್ಡಾಯ’, ‘ಕಡ್ಡಾಯ ಮತ್ತು ಹೆಸರು ಸಹಿತ’

ದಾರಿ ಆರಿಸಿದ ಮೇಲೆ ಬಿಗಿ ಆರಿಸಬೇಕು. ಈ ಮೆಟ್ಟಿಲುಗಳನ್ನು ಪೋಸ್ಟ್‌ಗ್ರೆಸ್‌ನಷ್ಟು ಸ್ಪಷ್ಟವಾಗಿ ಬೇರಾರೂ ಹೆಸರಿಸಿಲ್ಲ. ಅದರ ಎಸ್‌ಎಸ್‌ಎಲ್‌ಮೋಡ್ ಆಯ್ಕೆಗೆ ಆರು ಮೌಲ್ಯಗಳಿವೆ: ಡಿಸೇಬಲ್, ಅಲೋ, ಪ್ರಿಫರ್, ರಿಕ್ವೈರ್, ವೆರಿಫೈ-ಸಿಎ, ವೆರಿಫೈ-ಫುಲ್. ಡಿಫಾಲ್ಟ್ ಆಗಿ ಇರುವುದು ಪ್ರಿಫರ್: ಸರ್ವರ್ ಕೊಟ್ಟರೆ ಟಿಎಲ್‌ಎಸ್, ಇಲ್ಲವಾದರೆ ಬಯಲು. ರಿಕ್ವೈರ್ ಎಂದರೆ ಎನ್‌ಕ್ರಿಪ್ಟ್ ಆಗಲೇಬೇಕು, ಆದರೆ ಎದುರಿಗಿರುವುದು ಯಾರೆಂದು ಕೇಳುವುದಿಲ್ಲ. ವೆರಿಫೈ-ಸಿಎ ಸರ್ಟಿಫಿಕೇಟ್ ಕೊಟ್ಟವರನ್ನು ನೋಡುತ್ತದೆ, ಹೆಸರು ನೋಡುವುದಿಲ್ಲ. ಸಾರ್ವಜನಿಕ ಪ್ರಾಧಿಕಾರದ (ಸರ್ಟಿಫಿಕೇಟ್ ಕೊಡುವ ಸಂಸ್ಥೆಯ) ಸರ್ಟಿಫಿಕೇಟ್ ಆದರೆ ಇದು ನಿಷ್ಪ್ರಯೋಜಕ, ಏಕೆಂದರೆ ಅದೇ ಪ್ರಾಧಿಕಾರದಿಂದ ತನ್ನ ಡೊಮೇನ್‌ಗೆ ಯಾರು ಬೇಕಾದರೂ ಸರ್ಟಿಫಿಕೇಟ್ ಪಡೆಯಬಹುದು. ನಿಜ ಬಳಕೆಗೆ ವೆರಿಫೈ-ಫುಲ್ ಬಿಟ್ಟು ಬೇರೆ ಆಯ್ಕೆ ಮಾಡಬೇಡಿ. 16ನೇ ಆವೃತ್ತಿಯಿಂದ ರೂಟ್ ಸರ್ಟಿಫಿಕೇಟ್ (ಪ್ರಾಧಿಕಾರದ ಮೂಲ ಸರ್ಟಿಫಿಕೇಟ್) ಆಯ್ಕೆಗೆ ‘ಸಿಸ್ಟಂ’ ಎಂದು ಕೊಡಬಹುದು. ಆಗ ವೆರಿಫೈ-ಫುಲ್‌ಗಿಂತ ಸಡಿಲವಾದದ್ದನ್ನು ಲೈಬ್ರರಿಯೇ ಒಪ್ಪುವುದಿಲ್ಲ.

ಪೋಸ್ಟ್‌ಗ್ರೆಸ್ ಬಹುಕಾಲ ತನ್ನದೇ ಬಗೆಯ ಸ್ಟಾರ್ಟ್‌ಟಿಎಲ್‌ಎಸ್ ಬಳಸುತ್ತಿತ್ತು: ಕ್ಲೈಂಟ್ ಎಂಟು ಬೈಟ್‌ಗಳ ಒಂದು ವಿನಂತಿ ಕಳುಹಿಸಿದರೆ ಸರ್ವರ್ ಒಂದೇ ಅಕ್ಷರದಲ್ಲಿ ಹೌದು ಅಥವಾ ಇಲ್ಲ ಎನ್ನುತ್ತದೆ. 2024ರ 17ನೇ ಆವೃತ್ತಿಯಲ್ಲಿ ಆ ಸುತ್ತು ತಪ್ಪಿಸಿ ನೇರ ಹ್ಯಾಂಡ್‌ಶೇಕ್ ಮಾಡುವ ಆಯ್ಕೆ ಬಂತು. ರಿಕ್ವೈರ್ ಅಥವಾ ಅದಕ್ಕಿಂತ ಬಿಗಿಯಾದ ಮೋಡ್ ಇದ್ದರೆ ಮಾತ್ರ ಅದು ನಡೆಯುತ್ತದೆ.

ಬೇರೆ ಲೈಬ್ರರಿಗಳಲ್ಲೂ ಇದೇ ಭೇದ ಬೇರೆ ಬೇರೆ ಹೆಸರುಗಳಲ್ಲಿ ಅಡಗಿದೆ. ಲಿಬ್‌ಕರ್ಲ್‌ನಲ್ಲಿ ‘ಟ್ರೈ’ ಎಂದರೆ ಸಿಕ್ಕರೆ ಸರಿ, ‘ಆಲ್’ ಎಂದರೆ ಕಡ್ಡಾಯ. ಜಾವಾಮೇಲ್‌ನಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ‘ಎನೇಬಲ್’ ಬೇರೆ, ‘ರಿಕ್ವೈರ್ಡ್’ ಬೇರೆ; ಮೊದಲನೆಯದನ್ನು ಮಾತ್ರ ಹಾಕಿ ನಿಶ್ಚಿಂತರಾದವರೇ ಹೆಚ್ಚು. ನೋಡ್‌ಮೇಲರ್‌ನಲ್ಲಿ ‘ಸೆಕ್ಯೂರ್’ ಎಂಬುದು ನೇರ ಟಿಎಲ್‌ಎಸ್‌ಗೆ ಮಾತ್ರ ಸಂಬಂಧಿಸಿದ್ದು. 587ಕ್ಕೆ ಅದನ್ನು ‘ಫಾಲ್ಸ್’ ಇಟ್ಟು, ‘ರಿಕ್ವೈರ್‌ಟಿಎಲ್‌ಎಸ್’ ಅನ್ನು ‘ಟ್ರೂ’ ಮಾಡಬೇಕು. ಗೋ ಭಾಷೆಯ ‘ಸೆಂಡ್‌ಮೇಲ್’ ಫಂಕ್ಷನ್ ಸರ್ವರ್ ಸ್ಟಾರ್ಟ್‌ಟಿಎಲ್‌ಎಸ್ ತೋರಿಸಿದರೆ ಬಳಸುತ್ತದೆ, ತೋರಿಸದಿದ್ದರೆ ಹಾಗೆಯೇ ಮುಂದುವರಿಯುತ್ತದೆ.

ಲೈಬ್ರರಿ ಯಾವುದು

ವೇಗ, ಗಾತ್ರ ಎಂದು ತೂಗುವ ಮೊದಲು ಒಂದೇ ಪ್ರಶ್ನೆ ಕೇಳಿ: ಏನೂ ಹೇಳದೆ ಬಿಟ್ಟರೆ ಇದು ಸರ್ಟಿಫಿಕೇಟನ್ನೂ ಹೆಸರನ್ನೂ ಪರಿಶೀಲಿಸುತ್ತದೆಯೇ?

ಗೋ ಭಾಷೆಯ ಟಿಎಲ್‌ಎಸ್ ಪ್ಯಾಕೇಜ್ ಪರಿಶೀಲಿಸುತ್ತದೆ. ಇದ್ದ ಸಾಕೆಟ್‌ನ ಮೇಲೆ ಟಿಎಲ್‌ಎಸ್ ಹೊದಿಸುವಾಗ ಸರ್ವರ್ ಹೆಸರು ಕೊಡದಿದ್ದರೆ ಹ್ಯಾಂಡ್‌ಶೇಕ್ ಮಾಡಲು ಒಪ್ಪುವುದೇ ಇಲ್ಲ. ಒಳ್ಳೆಯ ಹಟ. ರಸ್ಟ್‌ನ ರಸ್ಟಿಎಲ್‌ಎಸ್ ಕೂಡ ಹಾಗೆಯೇ, ಟಿಎಲ್‌ಎಸ್ 1.2ಕ್ಕಿಂತ ಹಳೆಯ ಆವೃತ್ತಿಗಳು ಅದರಲ್ಲಿ ಇಲ್ಲವೇ ಇಲ್ಲ.

ಪೈಥಾನ್‌ನಲ್ಲಿ ಸ್ವಲ್ಪ ಎಚ್ಚರ ಬೇಕು. ‘ಕ್ರಿಯೇಟ್ ಡಿಫಾಲ್ಟ್ ಕಾಂಟೆಕ್ಸ್ಟ್’ ಎಂಬ ಫಂಕ್ಷನ್‌ನಿಂದ ಬಂದ ಕಾಂಟೆಕ್ಸ್ಟ್ ಎರಡನ್ನೂ ಪರಿಶೀಲಿಸುತ್ತದೆ. ಆದರೆ ಅದೇ ಪೈಥಾನ್‌ನ ಮೇಲ್ ಮಾಡ್ಯೂಲ್‌ಗಳಾದ ಎಸ್‌ಎಂಟಿಪಿಲಿಬ್, ಐಮ್ಯಾಪ್‌ಲಿಬ್, ಪಾಪ್‌ಲಿಬ್‌ಗಳಿಗೆ ಕಾಂಟೆಕ್ಸ್ಟ್ ಕೊಡದೆ ಟಿಎಲ್‌ಎಸ್ ಶುರು ಮಾಡಿದರೆ ಅವು ಏನನ್ನೂ ಪರಿಶೀಲಿಸದ ಕಾಂಟೆಕ್ಸ್ಟ್ ಬಳಸುತ್ತವೆ. ಖಾಲಿ ಆವರಣದ ಸ್ಟಾರ್ಟ್‌ಟಿಎಲ್‌ಎಸ್ ಕರೆ ಯಾರ ಸರ್ಟಿಫಿಕೇಟನ್ನಾದರೂ ಒಪ್ಪುತ್ತದೆ. ಹಳೆಯ ಕೋಡ್ ಸಿಕ್ಕರೆ ಮೊದಲು ಹುಡುಕಬೇಕಾದ ಸಾಲು ಇದು.

ಜಾವಾದ ಕಚ್ಚಾ ಎಸ್‌ಎಸ್‌ಎಲ್‌ಸಾಕೆಟ್ ಸರ್ಟಿಫಿಕೇಟ್ ಸರಪಳಿಯನ್ನು (ರೂಟ್‌ವರೆಗಿನ ಸಹಿಗಳ ಸಾಲನ್ನು) ನೋಡುತ್ತದೆ, ಹೆಸರು ನೋಡುವುದಿಲ್ಲ. ಎಂಡ್‌ಪಾಯಿಂಟ್ ಐಡೆಂಟಿಫಿಕೇಶನ್ ಅಲ್ಗಾರಿದಂ ಅನ್ನು ‘ಎಚ್‌ಟಿಟಿಪಿಎಸ್’ ಎಂದು ನೀವೇ ಹಾಕಬೇಕು.

ಓಪನ್‌ಎಸ್‌ಎಸ್‌ಎಲ್ ಅನ್ನು ಸಿ ಭಾಷೆಯಿಂದ ಬಳಸಿದರೆ ಕ್ಲೈಂಟ್ ಬದಿಯಲ್ಲಿ ಡಿಫಾಲ್ಟ್ ಆಗಿ ಯಾವ ಪರಿಶೀಲನೆಯೂ ಇಲ್ಲ. ಸಂಪರ್ಕದ ಮೊದಲು ಐದು ಕೆಲಸ ಆಗಬೇಕು: ಸಿಸ್ಟಂನ ನಂಬಿಕೆಯ ಪಟ್ಟಿಯನ್ನು (ನಂಬಬಹುದಾದ ರೂಟ್‌ಗಳದ್ದು) ತುಂಬಿಸುವುದು, ವೆರಿಫೈ-ಪೀರ್ ಹಾಕುವುದು, ಕನಿಷ್ಠ ಆವೃತ್ತಿಯನ್ನು 1.2 ಮಾಡುವುದು, ಎಸ್‌ಎನ್‌ಐಗೆ ಹೆಸರು ಕೊಡುವುದು, ಪರಿಶೀಲನೆಗೂ ಅದೇ ಹೆಸರು ಕೊಡುವುದು. ಕೊನೆಯ ಎರಡು ಬೇರೆ ಬೇರೆ ಫಂಕ್ಷನ್‌ಗಳು. ಎಸ್‌ಎನ್‌ಐ ಹೆಸರು ಸರ್ವರ್‌ಗೆ ಹೋಗುತ್ತದೆ, ಯಾವ ಸರ್ಟಿಫಿಕೇಟ್ ಕೊಡಬೇಕೆಂದು ಅದಕ್ಕೆ ತಿಳಿಯಲು. ಇನ್ನೊಂದು ಹೆಸರು ನಿಮ್ಮಲ್ಲೇ ಉಳಿಯುತ್ತದೆ, ಬಂದದ್ದನ್ನು ತಾಳೆ ನೋಡಲು. ಮೊದಲನೆಯದನ್ನು ಮರೆತರೆ ಹಲವು ಡೊಮೇನ್‌ಗಳಿರುವ ಸರ್ವರ್ ಬೇರಾವುದೋ ಸರ್ಟಿಫಿಕೇಟ್ ಕೊಟ್ಟು ಎರರ್ ಬರುತ್ತದೆ, ಕೂಡಲೇ ಗೊತ್ತಾಗುತ್ತದೆ. ಎರಡನೆಯದನ್ನು ಮರೆತರೆ ಎರರ್ ಬರುವುದಿಲ್ಲ. ಎಂದೂ ಗೊತ್ತಾಗುವುದಿಲ್ಲ.

ವಿಂಡೋಸ್‌ನ ಎಸ್‌ಚಾನೆಲ್, ಆ್ಯಪಲ್‌ನ ನೆಟ್‌ವರ್ಕ್ ಫ್ರೇಮ್‌ವರ್ಕ್‌ಗಳಂಥ ವ್ಯವಸ್ಥೆಯದೇ ಲೈಬ್ರರಿಗಳ ದೊಡ್ಡ ಲಾಭ ನಂಬಿಕೆಯ ಪಟ್ಟಿಯದು: ಕಂಪನಿಯ ಆಡಳಿತಗಾರರು ಸೇರಿಸಿದ ಆಂತರಿಕ ಪ್ರಾಧಿಕಾರ ತಾನಾಗಿ ಸಿಗುತ್ತದೆ. ಆ್ಯಪಲ್‌ನ ಹಳೆಯ ಸೆಕ್ಯೂರ್ ಟ್ರಾನ್ಸ್‌ಪೋರ್ಟ್‌ಗೆ ಹೊಸ ಕೋಡ್ ಬರೆಯಬೇಡಿ. ಅದರಲ್ಲಿ ಟಿಎಲ್‌ಎಸ್ 1.3 ಇಲ್ಲ. ಚಿಕ್ಕ ಸಾಧನಗಳಿಗೆ ಎಂಬೆಡ್‌ಟಿಎಲ್‌ಎಸ್ ಸರಿಹೊಂದುತ್ತದೆ, ಆದರೆ ಬ್ಯಾಟರಿ ಇಲ್ಲದ ಗಡಿಯಾರ 1970ರಿಂದ ಶುರುವಾದರೆ ಎಲ್ಲ ಸರ್ಟಿಫಿಕೇಟ್‌ಗಳೂ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಬೀಳುತ್ತವೆ. ಮೊದಲು ಸಮಯ ಹೊಂದಿಸಿ, ಆಮೇಲೆ ಸಂಪರ್ಕ.

ಪ್ರೋಗ್ರಾಂ ಮುಟ್ಟಲು ಆಗುವುದೇ ಇಲ್ಲವೆಂದರೆ ಎಸ್‌ಟನಲ್ ಎಂಬ ಮಧ್ಯವರ್ತಿ ಪ್ರೋಗ್ರಾಂ ಇದೆ. ಕ್ಲೈಂಟ್ ಸ್ಥಿತಿಯಲ್ಲಿ ಅದನ್ನು 127.0.0.1ರಲ್ಲಿ ಮಾತ್ರ ಕೂರಿಸಿ, ಹಳೆಯ ಪ್ರೋಗ್ರಾಂ ಅಲ್ಲಿಗೆ ಬಯಲಲ್ಲಿ ಮಾತಾಡಲಿ, ಮುಂದಿನದು ಎಸ್‌ಟನಲ್‌ನ ಹೊಣೆ. ಎಸ್‌ಎಂಟಿಪಿ, ಐಮ್ಯಾಪ್‌ಗಳ ಸ್ಟಾರ್ಟ್‌ಟಿಎಲ್‌ಎಸ್ ಕೂಡ ಅದಕ್ಕೆ ಬರುತ್ತದೆ. ಆದರೆ ಸರಪಳಿಯ ಪರಿಶೀಲನೆ, ಹೆಸರಿನ ಪರಿಶೀಲನೆ ಎರಡನ್ನೂ ಸಂರಚನೆಯಲ್ಲಿ ನೀವೇ ಬರೆಯಬೇಕು. ಬರೆಯದಿದ್ದರೆ ಅದು ಎಲ್ಲರನ್ನೂ ನಂಬುತ್ತದೆ.

ನಂಬಿಕೆಯ ಪಟ್ಟಿ: ಸಿಸ್ಟಂನದೋ, ಜೊತೆಗೆ ಕಟ್ಟಿಕೊಂಡದ್ದೋ, ಪಿನ್ನೋ

ಅಪ್‌ಡೇಟ್ ಆಗುವ ಕಂಪ್ಯೂಟರ್‌ನಲ್ಲಿ ಸಿಸ್ಟಂನದೇ ಲೇಸು. ಪ್ರೋಗ್ರಾಂ ಜೊತೆ ಕಟ್ಟಿಕೊಂಡ ಪಟ್ಟಿ ಹಳತಾಗುತ್ತದೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಪ್ರಾಧಿಕಾರ ಆವರೆಗೆ ಆತುಕೊಂಡಿದ್ದ ಹಳೆಯ ರೂಟ್ ಅವಧಿ ಮುಗಿದಾಗ, ಹೊಸ ರೂಟ್ ಇಲ್ಲದ ಸಾಧನಗಳ ಜೊತೆಗೆ, ಹೊಸ ರೂಟ್ ಇದ್ದರೂ ಸರಪಳಿಯನ್ನು ಹಳೆಯದರ ಕಡೆಗೇ ಕಟ್ಟುತ್ತಿದ್ದ ಓಪನ್‌ಎಸ್‌ಎಸ್‌ಎಲ್ 1.0.2 ಬಳಸಿದ ಕ್ಲೈಂಟ್‌ಗಳೂ ನಿಂತುಹೋದವು. ಸರ್ವರ್‌ಗಳಲ್ಲಿ ಏನೂ ಬದಲಾಗಿರಲಿಲ್ಲ.

ಸರ್ವರ್‌ನ ಸರ್ಟಿಫಿಕೇಟನ್ನೇ ಪಿನ್ ಮಾಡುವ (ಅದೊಂದನ್ನೇ ನಂಬುವಂತೆ ಕ್ಲೈಂಟ್‌ನಲ್ಲಿ ಬರೆದಿಡುವ) ಅಭ್ಯಾಸ ಇನ್ನು ನಡೆಯದು. 2025ರಲ್ಲಿ ಪ್ರಾಧಿಕಾರಗಳು ಮತ್ತು ಬ್ರೌಸರ್ ತಯಾರಕರ ಕೂಟವಾದ ಸಿಎ/ಬ್ರೌಸರ್ ಫೋರಂ ಒಪ್ಪಿದ ವೇಳಾಪಟ್ಟಿಯಂತೆ ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಆಯಸ್ಸು 398 ದಿನಗಳಿಂದ ಹಂತಹಂತವಾಗಿ ಇಳಿದು 2029ರ ಮಾರ್ಚ್‌ನಲ್ಲಿ 47 ದಿನಕ್ಕೆ ಬರುತ್ತದೆ. ಸರ್ವರ್ ಕೂಡ ನಿಮ್ಮದೇ ಆಗಿದ್ದರೆ ಸ್ವಂತ ಪ್ರಾಧಿಕಾರ ಮಾಡಿ, ಕ್ಲೈಂಟ್‌ಗೆ ಅದರ ರೂಟ್ ಒಂದನ್ನೇ ಕೊಡಿ.

‘ಬ್ರೌಸರ್‌ನಲ್ಲಿ ತೆರೆಯುತ್ತದೆ, ನನ್ನ ಪ್ರೋಗ್ರಾಂನಲ್ಲಿ ಇಲ್ಲ’ ಎಂಬ ದೂರಿಗೆ ಸಾಮಾನ್ಯ ಕಾರಣ ಸರ್ವರ್ ಮಧ್ಯಂತರ ಸರ್ಟಿಫಿಕೇಟ್ (ತನ್ನದಕ್ಕೂ ರೂಟ್‌ಗೂ ನಡುವಿನ ಕೊಂಡಿ) ಕಳುಹಿಸದಿರುವುದು. ಹಲವು ಬ್ರೌಸರ್‌ಗಳು ಅದನ್ನು ತಾವೇ ಹುಡುಕಿ ತರುತ್ತವೆ, ಓಪನ್‌ಎಸ್‌ಎಸ್‌ಎಲ್ ತರುವುದಿಲ್ಲ. 20 ಅಥವಾ 21ನೇ ಎರರ್ ಕೊಡುತ್ತದೆ. ಸರಿಪಡಿಸಬೇಕಾದ್ದು ಸರ್ವರ್‌ನಲ್ಲಿ. 10 ಬಂದರೆ ಅವಧಿ ಮುಗಿದಿದೆ, 18 ಬಂದರೆ ತನಗೆ ತಾನೇ ಸಹಿ ಹಾಕಿದ ಸರ್ಟಿಫಿಕೇಟ್, 62 ಬಂದರೆ ಹೆಸರು ಹೊಂದುತ್ತಿಲ್ಲ.

ಆವೃತ್ತಿ ಮತ್ತು ಉಳಿದದ್ದು

ಕನಿಷ್ಠ ಟಿಎಲ್‌ಎಸ್ 1.2 ಇಡಿ, ಗರಿಷ್ಠವನ್ನು ಮುಟ್ಟಬೇಡಿ. 1.0 ಮತ್ತು 1.1ನ್ನು 2021ರ ಆರ್‌ಎಫ್‌ಸಿ 8996 ಅಧಿಕೃತವಾಗಿ ಬದಿಗಿಟ್ಟಿದೆ. ಸೈಫರ್ (ಎನ್‌ಕ್ರಿಪ್ಟ್ ಮಾಡುವ ವಿಧಾನ) ಪಟ್ಟಿಯನ್ನು ಯಾವುದೋ ಹಳೆಯ ಬರಹದಿಂದ ತಂದು ಅಂಟಿಸುವುದಕ್ಕಿಂತ ಲೈಬ್ರರಿಯ ಡಿಫಾಲ್ಟ್ ಮೇಲು. 1.3ರಲ್ಲಿ ಹ್ಯಾಂಡ್‌ಶೇಕ್ ಮುಗಿಯುವ ಮೊದಲೇ ಕಳುಹಿಸುವ ‘ಶೂನ್ಯ ಸುತ್ತಿನ’ ಡೇಟಾವನ್ನು ನಡುವಿನವರು ಮತ್ತೆ ಕಳುಹಿಸಬಹುದಾದ್ದರಿಂದ, ಎರಡು ಸಲ ನಡೆದರೆ ತೊಂದರೆಯಾಗುವ ವಿನಂತಿಗೆ ಅದು ಬೇಡ.

ಕ್ಲೈಂಟ್ ಸರ್ಟಿಫಿಕೇಟ್ ಬಳಸುವವರಿಗೆ 1.3ರಲ್ಲಿ ಒಂದು ಅಚ್ಚರಿ ಕಾದಿದೆ. ಸರ್ವರ್ ನಿಮ್ಮ ಸರ್ಟಿಫಿಕೇಟನ್ನು ನೋಡುವ ಮೊದಲೇ ನಿಮ್ಮ ಬದಿಯ ಹ್ಯಾಂಡ್‌ಶೇಕ್ ಮುಗಿದಿರುತ್ತದೆ. ಆದ್ದರಿಂದ ತಿರಸ್ಕಾರ ಸಂಪರ್ಕಿಸುವಾಗ ಬಾರದೆ ಮೊದಲ ಓದಿನಲ್ಲಿ ಬರುತ್ತದೆ. ‘ಕನೆಕ್ಟ್ ಆಯಿತು’ ಎಂದು ಲಾಗ್ ಬರೆದ ಮರುಕ್ಷಣ ಸಂಪರ್ಕ ಕಡಿಯುತ್ತಿದ್ದರೆ ಮೊದಲು ಇದನ್ನು ಶಂಕಿಸಿ.

ಟೈಮ್‌ಔಟ್ ಟಿಸಿಪಿಗೆ ಒಂದು, ಹ್ಯಾಂಡ್‌ಶೇಕ್‌ಗೆ ಇನ್ನೊಂದು ಇರಲಿ. ಸಂಪರ್ಕ ಕೊಟ್ಟು ಮೌನವಾಗುವ ಸರ್ವರ್‌ಗಳಿವೆ.

ಕೈಯಾರೆ ನೋಡುವುದು

ಕೋಡ್ ಬರೆಯುವ ಮೊದಲು ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಆದೇಶದಿಂದ ಸರ್ವರ್‌ನ ಎರಡೂ ಪೋರ್ಟ್ ಪರೀಕ್ಷಿಸಿ. 465ಕ್ಕೆ ‘ಕನೆಕ್ಟ್’ ಆಯ್ಕೆ ಮಾತ್ರ ಸಾಕು. 587ಕ್ಕೆ ‘ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ’ ಸೇರಿಸಬೇಕು. ಪರಿಶೀಲನೆ ಸೋತರೂ ಈ ಆದೇಶ ಸಂಪರ್ಕ ಬಿಡುವುದಿಲ್ಲ, ಆದ್ದರಿಂದ ‘ವೆರಿಫೈ ರಿಟರ್ನ್ ಎರರ್’ ಆಯ್ಕೆಯನ್ನೂ ‘ವೆರಿಫೈ ಹೋಸ್ಟ್‌ನೇಮ್’ ಆಯ್ಕೆಯನ್ನೂ ಹಾಕಿ. ಸಾಲಿನ ಕೊನೆ ಸರಿಯಾಗಿ ಹೋಗಲು ‘ಸಿಆರ್‌ಎಲ್‌ಎಫ್’ ಬೇಕು.

ಇಲ್ಲೊಂದು ಹಳೆಯ ಕೀಟಲೆ ಇದೆ. ಮೇಲ್ ಯಾರಿಗೆಂದು ಹೇಳುವ ‘ಆರ್‌ಸಿಪಿಟಿ ಟು’ ಸಾಲನ್ನು ದೊಡ್ಡಕ್ಷರದಲ್ಲಿ ಟೈಪ್ ಮಾಡಿದರೆ, ಸಾಲಿನ ಮೊದಲ ದೊಡ್ಡಕ್ಷರ ‘ಆರ್’ ಅನ್ನು ಎಸ್-ಕ್ಲೈಂಟ್ ತನಗೆ ಕೊಟ್ಟ ಆದೇಶವೆಂದು ತಿಳಿದು ಹ್ಯಾಂಡ್‌ಶೇಕ್ ಮತ್ತೆ ಶುರು ಮಾಡಲು ನೋಡುತ್ತದೆ. ಸಾಲು ಸರ್ವರ್‌ಗೆ ಹೋಗುವುದಿಲ್ಲ. 1.3ರಲ್ಲಿ ಮರು-ಹ್ಯಾಂಡ್‌ಶೇಕ್ ಎಂಬುದೇ ಇಲ್ಲವಾದ್ದರಿಂದ ಅಲ್ಲಿಗೇ ಎರರ್. ಇದೇ ರೀತಿ ದೊಡ್ಡಕ್ಷರ ‘ಕ್ಯೂ’ದಿಂದ ಶುರುವಾದ ಸಾಲು ಸಂಪರ್ಕ ಮುಚ್ಚುತ್ತದೆ. ಸಣ್ಣಕ್ಷರದಲ್ಲಿ ಬರೆಯಿರಿ, ಎಸ್‌ಎಂಟಿಪಿಗೆ ವ್ಯತ್ಯಾಸವಿಲ್ಲ. ಇಲ್ಲವೇ ‘ಕ್ವಯಟ್’ ಆಯ್ಕೆ ಹಾಕಿ.